ಕಳೆ ಕಟರ್ ಸ್ಟಾರ್ಟ್ ಆಗ್ತಿಲ್ಲವೇ? ಕಾರ್ಬೊರೇಟರ್ ಸ್ಕ್ರೂ ಮುಟ್ಟುವ ಮೊದಲು ಇದನ್ನು ಓದಿ

ಮುಂಗಾರು ಹಿಡಿದು ಹದಿನೈದು ದಿನವಾದರೆ ಸಾಕು, ಅಡಿಕೆ ತೋಟ, ಕಾಫಿ ತೋಟ, ತೆಂಗಿನ ಬುಡ ಎಲ್ಲ ಕಡೆ ಕಳೆ ಮೊಣಕಾಲೆತ್ತರಕ್ಕೆ ಎದ್ದು ನಿಲ್ತದೆ. ಬೇಸಿಗೆಗೆ ಮೊದಲು ಕೊನೆಯ ಸುತ್ತು ಮುಗಿಸಿ ಕೊಟ್ಟಿಗೆ ಮೂಲೆಗೆ ಸೇರಿಸಿದ್ದ ಕಳೆ ಕಟರ್ ಆಗ ನೆನಪಾಗ್ತದೆ. ಹಗ್ಗ ಇಪ್ಪತ್ತು ಸಲ ಎಳೆದರೂ ಸ್ಟಾರ್ಟ್ ಆಗಲ್ಲ. ಸ್ಟಾರ್ಟ್ ಆದರೂ ಎಕ್ಸಲೇಟರ್ ಕೊಟ್ಟ ಕೂಡಲೇ ನಿಂತು ಹೋಗ್ತದೆ. ಆಗ ಹೆಚ್ಚಿನವರ ಕೈ ಹೋಗುವುದು ಒಂದೇ ಜಾಗಕ್ಕೆ. ಕಾರ್ಬೊರೇಟರ್ ಪಕ್ಕದಲ್ಲಿರುವ ಆ ಸಣ್ಣ ಸ್ಕ್ರೂಗಳಿಗೆ.

ಈ ವಾರದ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಕಳೆದ ಹಂಗಾಮಿನಲ್ಲಿ ಸರಿಯಾಗಿ ಓಡಿದ್ದ ಮೆಷಿನ್ ಈಗ ಓಡ್ತಿಲ್ಲ ಅಂದರೆ, ಸ್ಕ್ರೂ ತಾನಾಗಿ ತಿರುಗಿರುವುದು ಬಹಳ ಅಪರೂಪ. ತೊಂದರೆ ಇರುವುದು ಪೆಟ್ರೋಲಿನಲ್ಲಿ, ಪೆಟ್ರೋಲ್ ಬರುವ ದಾರಿಯಲ್ಲಿ ಅಥವಾ ಗಾಳಿ ಬರುವ ದಾರಿಯಲ್ಲಿ. ಅದನ್ನು ನೋಡದೆ ಸ್ಕ್ರೂ ತಿರುಗಿಸಿದರೆ ಮೂಲ ತೊಂದರೆ ಹಾಗೇ ಉಳೀತದೆ, ಅದರ ಮೇಲೆ ಇನ್ನೊಂದು ತೊಂದರೆ ಸೇರಿಕೊಳ್ತದೆ. ಟೂ ಸ್ಟ್ರೋಕ್ ಇಂಜಿನ್ ಆಗಿದ್ದರೆ ತಪ್ಪು ಕಡೆ ತಿರುಗಿಸಿದ ಅರ್ಧ ಸುತ್ತಿಗೇ ಪಿಸ್ಟನ್ ಹಿಡಿದುಕೊಂಡು ಸಿಲಿಂಡರ್ ಹಾಳಾಗಬಹುದು.

ಕಾರ್ಬೊರೇಟರ್ ಮಾಡುವ ಕೆಲಸ ಏನು?

ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಸರಿಯಾದ ಅಳತೆಯಲ್ಲಿ ಪೆಟ್ರೋಲ್ ಬೆರೆಸುವುದು. ಇಷ್ಟೇ ಅದರ ಕೆಲಸ. ಗಾಳಿ ಹೋಗುವ ಕೊಳವೆ ಮಧ್ಯದಲ್ಲಿ ಸ್ವಲ್ಪ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಆ ಕಡಿಮೆ ಒತ್ತಡವೇ ಸಣ್ಣ ತೂತುಗಳ ಮೂಲಕ ಪೆಟ್ರೋಲನ್ನು ಮೇಲಕ್ಕೆಳೆದು ಗಾಳಿಗೆ ಸೇರಿಸುತ್ತದೆ. ಈ ತೂತುಗಳಿಗೇ ಜೆಟ್ ಅಂತಾರೆ. ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಅಳತೆ ತಪ್ತದೆ.

1 ಕೆಜಿ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಹೆಚ್ಚಾದರೆ ಮೆಕ್ಯಾನಿಕ್‌ಗಳು ‘ರಿಚ್’ ಅಂತಾರೆ. ಹೊಗೆ ಬರ್ತದೆ, ಪ್ಲಗ್ ಕಪ್ಪಾಗಿ ಒದ್ದೆಯಾಗ್ತದೆ, ಪೆಟ್ರೋಲ್ ದಂಡವಾಗ್ತದೆ. ಕಡಿಮೆಯಾದರೆ ‘ಲೀನ್’. ಇಂಜಿನ್ ಜೋರಾಗಿ ಓಡಿದಂತೆ ಕೇಳಿಸಿದರೂ ಒಳಗೆ ವಿಪರೀತ ಕಾಯ್ತದೆ.

ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ. ಅದರ ಪಿಸ್ಟನ್ನಿಗೆ, ಬೇರಿಂಗಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಅದಕ್ಕೆ ಗತಿ. ಅಂದರೆ ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ಕಡಿಮೆ ಮಾಡಿದಿರಿ ಅಂದರೆ ಆಯಿಲ್ ಕೂಡ ಕಡಿಮೆ ಮಾಡಿದ ಹಾಗೆ. ಒಂದು ಕಡೆ ಕಾವು ಹೆಚ್ಚಾಯ್ತು, ಇನ್ನೊಂದು ಕಡೆ ಜಿಡ್ಡು ಕಮ್ಮಿ ಆಯ್ತು. ಪೆಟ್ರೋಲ್ ಉಳಿಸುತ್ತೇನೆ ಅಂತ ಲೀನ್ ಮಾಡುವುದು ಈ ಕಾರಣಕ್ಕೆ ದುಬಾರಿ.

ಎರಡು ಬಗೆಯ ಕಾರ್ಬೊರೇಟರ್

ಪೆಟ್ರೋಲ್ ಪಂಪ್‌ಸೆಟ್, ಸಣ್ಣ ಟಿಲ್ಲರ್, ಜನರೇಟರ್‌ಗಳಲ್ಲಿ ಇರುವುದು ಫ್ಲೋಟ್ ಕಾರ್ಬೊರೇಟರ್. ಕೆಳಗೆ ಒಂದು ಸಣ್ಣ ಬಟ್ಟಲು, ಅದರೊಳಗೆ ತೇಲುವ ಬುರುಡೆ. ಪೆಟ್ರೋಲ್ ತುಂಬಿದಾಗ ಬುರುಡೆ ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತದೆ. ಟಾಯ್ಲೆಟ್ ಸಿಸ್ಟರ್ನ್ ತುಂಬಿದಾಗ ನೀರು ನಿಲ್ಲುವ ಹಾಗೆಯೇ. ಇದು ನೇರವಾಗಿ ನಿಂತಾಗ ಮಾತ್ರ ಸರಿಯಾಗಿ ಕೆಲಸ ಮಾಡ್ತದೆ.

ಕಳೆ ಕಟರ್, ಮರ ಕೊಯ್ಯುವ ಚೈನ್ ಸಾ ಇವುಗಳನ್ನು ಅಡ್ಡ, ಓರೆ ಹೇಗೆಂದರೆ ಹಾಗೆ ಹಿಡಿಯಬೇಕಾಗ್ತದೆ. ಅಲ್ಲಿ ಬುರುಡೆ ಕೆಲಸಕ್ಕೆ ಬರಲ್ಲ. ಅದಕ್ಕೇ ಡಯಾಫ್ರಂ ಕಾರ್ಬೊರೇಟರ್ ಇರುತ್ತದೆ. ಒಳಗಡೆ ಎರಡು ತೆಳ್ಳನೆ ಪೊರೆಗಳು. ಒಂದು ಪೊರೆ ಇಂಜಿನ್ನಿನ ಒತ್ತಡದ ಏರಿಳಿತಕ್ಕೆ ಅಲುಗಾಡುತ್ತಾ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು, ಬೇಕಾದಷ್ಟೇ ಪೆಟ್ರೋಲ್ ಒಳಗೆ ಬಿಡುತ್ತದೆ. ಈ ಪೊರೆಗಳು ವರ್ಷ ಕಳೆದಂತೆ ಗಟ್ಟಿಯಾಗಿ ಪ್ಲಾಸ್ಟಿಕ್ ಹಾಳೆ ತರ ಆಗ್ತವೆ. ಆಗ ಎಷ್ಟು ಟ್ಯೂನ್ ಮಾಡಿದರೂ ಪ್ರಯೋಜನ ಇಲ್ಲ, ಕಿಟ್ ಬದಲಾಯಿಸಬೇಕು.

ಬಂಕಿನ ಪೆಟ್ರೋಲ್ ಈಗ ಮೊದಲಿನ ಹಾಗಿಲ್ಲ

2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಇದೇ ಸಾಮಾನ್ಯವಾಯಿತು. ಈ ಎಥೆನಾಲ್ ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಯಂಥ ರೈತರ ಬೆಳೆಗಳಿಂದಲೇ. ಆದರೆ ಸಣ್ಣ ಇಂಜಿನ್ ಇಟ್ಟುಕೊಂಡವರು ಮೂರು ವಿಷಯ ತಿಳಿದಿರಬೇಕು.

ಒಂದು, ಎಥೆನಾಲ್ ಉರಿಯಲು ಬೇಕಾದ ಗಾಳಿ ಕಡಿಮೆ. 1 ಕೆಜಿಗೆ ಸುಮಾರು 9 ಕೆಜಿ ಸಾಕು. ಇ20ಗೆ ಬೇಕಾಗುವುದು 13.5 ಕೆಜಿ ಆಸುಪಾಸು. ಈಗಿನ ಇಂಜೆಕ್ಷನ್ ಬೈಕು, ಕಾರುಗಳಲ್ಲಿ ಸೆನ್ಸರ್ ನೋಡಿಕೊಂಡು ಅಳತೆ ಸರಿ ಮಾಡಿಕೊಳ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಜೆಟ್ಟಿನ ತೂತು ಇದ್ದಷ್ಟೇ ಕೊಡ್ತದೆ. ಹಾಗಾಗಿ ಹಳೇ ಪೆಟ್ರೋಲಿಗೆ ಸೆಟ್ ಮಾಡಿದ್ದ ಮೆಷಿನ್ ಇ20ರಲ್ಲಿ ಸುಮಾರು 7–8% ಲೀನ್ ಆಗಿ ಓಡ್ತದೆ. ಮೊದಲೇ ಲೀನ್ ಅಂಚಿನಲ್ಲಿದ್ದ ಟೂ ಸ್ಟ್ರೋಕ್ ಇಂಜಿನ್ನಿಗೆ ಇದು ಅಪಾಯ.

ಎರಡು, ಎಥೆನಾಲ್ ನೀರಿನ ಪಸೆ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ! ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ, ಅಥವಾ ಕ್ಯಾನಿಗೆ ಮಳೆ ನೀರು ಸೇರಿದರೆ, ಮಿತಿ ಮೀರಿದ ಕೂಡಲೇ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳೀತವೆ. ಬೆರೆಸಿದ್ದ ಟೂ ಟಿ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳೀತದೆ. ಟ್ಯಾಂಕಿನೊಳಗಿನ ಫಿಲ್ಟರ್ ಬಿದ್ದಿರುವುದು ತಳದಲ್ಲಿ. ಅದು ಎಳೆಯುವುದು ಆಯಿಲ್ ಇಲ್ಲದ ಆ ನೀರನ್ನೇ. ಸ್ಟಾರ್ಟ್ ಆಗದಿದ್ದರೆ ನಿಮ್ಮ ಪುಣ್ಯ, ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ನಿಗೆ ಪೆಟ್ಟು.

ಮೂರು, ಹಳೇ ರಬ್ಬರ್ ಪೈಪ್, ಪ್ರೈಮರ್ ಬಲ್ಬ್, ಪೊರೆಗಳು ಎಥೆನಾಲಿಗೆ ಬೇಗ ಉಬ್ಬುತ್ತವೆ ಅಥವಾ ಬಿರುಕು ಬಿಡುತ್ತವೆ. ಬದಲಾಯಿಸುವಾಗ ಎಥೆನಾಲ್ ತಡೆಯುವ ಪೈಪ್ ಕೊಡಿ ಅಂತ ಕೇಳಿ ತನ್ನಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಆರು ನೋಟ

ಈ ಕ್ರಮದಲ್ಲೇ ನೋಡುತ್ತಾ ಬನ್ನಿ. ಇಂಜಿನ್ ತಣ್ಣಗಿರಲಿ. ಹತ್ತಿರ ಬೀಡಿ, ಸಿಗರೇಟು, ಒಲೆ ಬೇಡ.

1. ಪೆಟ್ರೋಲ್: ಟ್ಯಾಂಕಿನದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಮಸುಕಾಗಿದ್ದರೆ, ಹಳಸಿದ ಪೇಂಟಿನ ವಾಸನೆ ಬಂದರೆ ಅದು ಬೇಡ. ಹೊಸದನ್ನು ಬೆರೆಸಿ. ಸ್ಟಾರ್ಟ್ ಆಗದ ಎಷ್ಟೋ ಮೆಷಿನ್‌ಗಳು ಇಷ್ಟಕ್ಕೇ ಸರಿಯಾಗ್ತವೆ.

2. ಟ್ಯಾಂಕ್ ಮುಚ್ಚಳ: ಮುಚ್ಚಳದಲ್ಲಿ ಗಾಳಿ ಒಳಹೋಗಲು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿಕೊಂಡರೆ ಇಂಜಿನ್ ಐದು–ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡ್ತದೆ. ನಿಂತಾಗ ಮುಚ್ಚಳ ಸಡಿಲಿಸಿ ನೋಡಿ. ‘ಉಸ್’ ಅಂತ ಗಾಳಿ ಎಳೆದುಕೊಂಡು, ಮತ್ತೆ ಸ್ಟಾರ್ಟ್ ಆದರೆ ತೊಂದರೆ ಅಲ್ಲೇ ಇದೆ.

3. ಫಿಲ್ಟರ್, ಪೈಪ್, ಪ್ರೈಮರ್: ಬಗ್ಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರನ್ನು ಹೊರಗೆಳೆಯಿರಿ. ಕಪ್ಪಾಗಿ ಗಟ್ಟಿಯಾಗಿದ್ದರೆ ಬದಲಾಯಿಸಿ. ಪೈಪ್ ಬಗ್ಗಿಸಿದಾಗ ಬಿರುಕು ಕಂಡರೆ ಪೆಟ್ರೋಲ್ ಬದಲು ಗಾಳಿ ಎಳೀತಿದೆ ಅಂತ ಅರ್ಥ. ಪ್ರೈಮರ್ ಒತ್ತಿದಾಗ ಅದರಲ್ಲಿ ಪೆಟ್ರೋಲ್ ತುಂಬಬೇಕು. ಬರೀ ಗುಳ್ಳೆ ಬರ್ತಾ ಇದ್ದರೆ ಎಲ್ಲೋ ಗಾಳಿ ಸೋರಿಕೆ ಇದೆ.

4. ಏರ್ ಫಿಲ್ಟರ್: ಹುಲ್ಲಿನ ಪುಡಿ, ಮಣ್ಣು ಕಟ್ಟಿದರೆ ಗಾಳಿ ಕಡಿಮೆಯಾಗಿ ರಿಚ್ ಆಗ್ತದೆ, ಹೊಗೆ ಬರ್ತದೆ. ಕೊಳಕು ಫಿಲ್ಟರ್ ಇಟ್ಟುಕೊಂಡು ಸ್ಕ್ರೂ ಬಿಗಿ ಮಾಡಿ ಸರಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಮುಂದೆ ಯಾರಾದರೂ ಫಿಲ್ಟರ್ ತೊಳೆದ ದಿನ ಅದೇ ಮೆಷಿನ್ ಲೀನ್ ಆಗಿ ಸುಟ್ಟುಹೋಗ್ತದೆ. ಸ್ಪಂಜಿನ ಫಿಲ್ಟರನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

5. ಪ್ಲಗ್: ತುದಿ ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಕಪ್ಪು, ಒದ್ದೆ ಅಂದರೆ ರಿಚ್ ಅಥವಾ ಆಯಿಲ್ ಹೆಚ್ಚು. ಸುಣ್ಣದ ಹಾಗೆ ಬಿಳಿ ಅಂದರೆ ಲೀನ್, ಎಚ್ಚರ. ಇಂಥ ಮೆಷಿನ್‌ಗಳಿಗೆ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6–0.7 ಮಿ.ಮೀ.

6. ಸೈಲೆನ್ಸರ್ ಜಾಲರಿ: ಎಷ್ಟೋ ಕಟರ್‌ಗಳ ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಅದಕ್ಕೆ ಮಸಿ ಕಟ್ಟಿದರೆ ಐಡ್ಲಿಂಗ್ ಸರಿ ಇರ್ತದೆ, ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಮಾತ್ರ ಶಕ್ತಿ ಇಲ್ಲ. ಕಾರ್ಬೊರೇಟರ್ ಮೇಲೆ ಸುಮ್ಮನೆ ಅಪವಾದ ಬರುವುದು ಹೆಚ್ಚಾಗಿ ಇಲ್ಲೇ. ವೈರ್ ಬ್ರಷ್‌ನಿಂದ ಉಜ್ಜಿ ಹಾಕಿ.

ಆಯಿಲ್ ಅಳತೆ ಕಣ್ಣಂದಾಜಿನಲ್ಲಿ ಬೇಡ

ಮೊದಲು ನಿಮ್ಮ ಮೆಷಿನ್ ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಖಚಿತಪಡಿಸಿಕೊಳ್ಳಿ. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್. ಅದರ ಆಯಿಲ್ ಬೇರೆ ಕಡೆ ಹಾಕಬೇಕು. ಟೂ ಸ್ಟ್ರೋಕ್‌ಗೆ ಕಂಪನಿಯ ಪುಸ್ತಕದಲ್ಲಿ ಬರೆದ ಅಳತೆಯೇ ಪ್ರಮಾಣ. 25:1 ಅಂತಿದ್ದರೆ 1 ಲೀಟರಿಗೆ 40 ಮಿ.ಲೀ., 40:1 ಆದರೆ 25 ಮಿ.ಲೀ., 50:1 ಆದರೆ 20 ಮಿ.ಲೀ. ಔಷಧದ ಅಳತೆ ಮುಚ್ಚಳವೋ ಸಿರಿಂಜೋ ಇಟ್ಟುಕೊಳ್ಳಿ. ಬೇರೆ ಕ್ಯಾನಿನಲ್ಲಿ ಅರ್ಧ ಪೆಟ್ರೋಲ್, ಪೂರ್ತಿ ಆಯಿಲ್ ಹಾಕಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿ. ನೇರ ಟ್ಯಾಂಕಿಗೆ ಆಯಿಲ್ ಸುರಿಯುವುದು, ಬೈಕಿನಿಂದ ಇಳಿಸಿದ ಹಳೇ ಇಂಜಿನ್ ಆಯಿಲ್ ಬೆರೆಸುವುದು ಬೇಡ.

‘ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಇಂಜಿನ್ನಿಗೆ ಒಳ್ಳೇದಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ. ಅದೇ ಜೆಟ್ಟಿನಲ್ಲಿ ಆಯಿಲ್ ಹೆಚ್ಚಾಗಿ ಹರಿದರೆ ಪೆಟ್ರೋಲ್ ಅಷ್ಟು ಕಡಿಮೆ ಹರೀತದೆ. ಅದರ ಮೇಲೆ ಪ್ಲಗ್ಗಿಗೆ, ಸೈಲೆನ್ಸರಿಗೆ ಮಸಿ ಬೇರೆ.

ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು

ಆರು ನೋಟ ಮುಗಿದೂ ಸರಿಯಾಗದಿದ್ದರೆ ಮಾತ್ರ ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪೊರೆ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಅದಲು ಬದಲಾದರೆ ಇಂಜಿನ್ ಸ್ಟಾರ್ಟೇ ಆಗಲ್ಲ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಸಣ್ಣ ಸ್ಪ್ರಿಂಗ್ ಹಾರಿ ಬಿದ್ದರೆ ಸಿಗ್ತದೆ.

ಡಯಾಫ್ರಂ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಒಳಬರುವ ಬದಿಯ ಮುಚ್ಚಳದ ಕೆಳಗೆ ಉಗುರಿನಷ್ಟಗಲದ ಜಾಲರಿ ಇರುತ್ತದೆ. ಕಸ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಪೊರೆಗಳನ್ನು ಬೆಳಕಿಗೆ ಹಿಡಿದು ತೂತು, ಸುಕ್ಕು ನೋಡಿ. ಪೊರೆ, ರಬ್ಬರ್ ಎಲ್ಲ ತೆಗೆದಿಟ್ಟ ಮೇಲೆಯೇ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಜೆಟ್ಟಿನೊಳಗೆ ಪಿನ್ನು, ಸೂಜಿ, ಕಬ್ಬಿಣದ ತಂತಿ ಹಾಕಬೇಡಿ. ತೂತು ಒಂದಿಷ್ಟು ದೊಡ್ಡದಾದರೂ ಅಳತೆ ಶಾಶ್ವತವಾಗಿ ಕೆಟ್ಟಿತು. ಸೂಜಿಯನ್ನು ಎತ್ತುವ ಸಣ್ಣ ಸನ್ನೆಯನ್ನೂ ಬಗ್ಗಿಸಬೇಡಿ.

ಫ್ಲೋಟ್ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಕೆಳಗಿನ ಬೋಲ್ಟ್ ಬಿಚ್ಚಿ. ತಳದಲ್ಲಿ ನೀರು, ತುಕ್ಕಿನ ಪುಡಿ ಇದ್ದರೆ ಒರೆಸಿ. ಮೇನ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಬುರುಡೆಯನ್ನು ಕಿವಿ ಹತ್ತಿರ ಅಲುಗಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ. ಬುರುಡೆ ಅಥವಾ ಸೂಜಿ ಕೆಟ್ಟು ಪೆಟ್ರೋಲ್ ಉಕ್ಕಿದರೆ, ಅದು ಇಂಜಿನ್ ಆಯಿಲ್ಲಿಗೂ ಇಳೀಬಹುದು. ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ.

ಈಗ ಸ್ಕ್ರೂ: ಎಲ್, ಎಚ್, ಟಿ

ಹೆಚ್ಚಿನ ಕಳೆ ಕಟರ್‌ಗಳಲ್ಲಿ ಇಂಗ್ಲಿಷಿನ ಎಲ್, ಎಚ್, ಟಿ ಅಕ್ಷರಗಳು ಇರುತ್ತವೆ. ಎಲ್ ಅಂದರೆ ನಿಧಾನ ವೇಗದ ಪೆಟ್ರೋಲ್, ಎಚ್ ಅಂದರೆ ಪೂರ್ತಿ ವೇಗದ ಪೆಟ್ರೋಲ್, ಟಿ ಅಂದರೆ ಐಡ್ಲಿಂಗ್ ವೇಗ. ಎಲ್ ಮತ್ತು ಎಚ್ ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ತಿರುಗಿಸಿದರೆ ರಿಚ್. ಈಚಿನ ಕೆಲವು ಮೆಷಿನ್‌ಗಳಲ್ಲಿ ಟಿ ಬಿಟ್ಟು ಬೇರೆ ಸ್ಕ್ರೂ ಕೈಗೆ ಸಿಗುವುದೇ ಇಲ್ಲ. ಅಂಥದ್ದನ್ನು ಕೆದಕಬೇಡಿ.

ಮೊದಲು ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ. ಸ್ಕ್ರೂವನ್ನು ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ, ಕೂತುಕೊಳ್ಳುವವರೆಗೆ ಎಷ್ಟು ಸುತ್ತಾಯಿತು ಎಣಿಸಿ, ಮತ್ತೆ ಅಷ್ಟೇ ಸುತ್ತು ಎಡಕ್ಕೆ ಬಿಚ್ಚಿ. ಒತ್ತಿ ಬಿಗಿದರೆ ಸೂಜಿ ಮೊನೆ ಹಾಳು. ಯಾರೋ ಹಿಂದೆ ತಿರುಗಿಸಿ ಗೊಂದಲವಾಗಿದ್ದರೆ ಪುಸ್ತಕದಲ್ಲಿರುವ ಅಳತೆಯಿಂದ ಶುರು ಮಾಡಿ.

ಮೆಷಿನ್ನಿಗೆ ನೈಲಾನ್ ದಾರದ ಹೆಡ್ ಹಾಕಿ, ಸಮತಟ್ಟು ಜಾಗದಲ್ಲಿಡಿ. ಮಕ್ಕಳು, ನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಸ್ಟಾರ್ಟ್ ಮಾಡಿ ಚೋಕ್ ತೆಗೆದು ಮೂರರಿಂದ ಐದು ನಿಮಿಷ ಬಿಸಿಯಾಗಲು ಬಿಡಿ.

ಎಲ್: ಐಡ್ಲಿಂಗ್‌ನಲ್ಲಿ ಸ್ವಲ್ಪ ಸ್ವಲ್ಪವೇ ಆಚೀಚೆ ತಿರುಗಿಸಿ, ಇಂಜಿನ್ ಅತಿ ಹೆಚ್ಚು ವೇಗದಲ್ಲಿ ಓಡುವ ಜಾಗ ಹುಡುಕಿ. ಅಲ್ಲಿಂದ ಎಡಕ್ಕೆ ಎಂಟನೇ ಒಂದು ಸುತ್ತು ಬಿಡಿ. ಈಗ ಎಕ್ಸಲೇಟರ್ ಒತ್ತಿದಾಗ ತಡೆಯದೆ ಏರಬೇಕು. ‘ಬ್ವಾ…’ ಅಂತ ತಡವರಿಸಿ ನಿಂತರೆ ಇನ್ನೂ ಲೀನ್ ಇದೆ, ಒಂದಿಷ್ಟು ಎಡಕ್ಕೆ. ಹೊಗೆ ಉಗುಳಿ ಮಂದವಾಗಿ ಏರಿದರೆ ಒಂದಿಷ್ಟು ಬಲಕ್ಕೆ.

ಟಿ: ಐಡ್ಲಿಂಗ್‌ನಲ್ಲಿ ಇಂಜಿನ್ ನಿಲ್ಲಬಾರದು, ಹೆಡ್ ತಿರುಗಲೂಬಾರದು. ಇದು ಇಂಜಿನ್ನಿನ ಪ್ರಶ್ನೆ ಮಾತ್ರ ಅಲ್ಲ, ಕಾಲಿನ ಪ್ರಶ್ನೆ. ಕೈ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಿರುವ ಮೆಷಿನ್ ಹಿಡಿದು ಜಾರುವ ತೋಟದ ದರೆಯಲ್ಲಿ ನಡೆಯುವುದು ಎಷ್ಟು ಅಪಾಯ ಅಂತ ಹೇಳಬೇಕಾಗಿಲ್ಲ. ಟಿ ಪೂರ್ತಿ ಇಳಿಸಿದರೂ ತಿರುಗ್ತಿದ್ದರೆ ಕ್ಲಚ್ ನೋಡಿಸಿ. ವೇಗ ತಾನಾಗಿ ಏರ್ತಾ ಇಳೀತಾ ಇದ್ದರೆ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ ಇರಬಹುದು, ಬೋಲ್ಟ್ ಬಿಗಿ ಪರೀಕ್ಷಿಸಿ.

ಎಚ್: ಇಲ್ಲಿ ಕಿವಿಯೇ ಮೀಟರ್. ಮೂರ್ನಾಲ್ಕು ಸೆಕೆಂಡು ಪೂರ್ತಿ ಎಕ್ಸಲೇಟರ್ ಕೊಟ್ಟು ಬಿಡಿ. ಕೀರಲಾಗಿ, ನುಣುಪಾಗಿ ‘ಕೀಂ…’ ಅಂತ ಕಿರುಚಿದರೆ ಲೀನ್, ತಕ್ಷಣ ಎಡಕ್ಕೆ ಎಂಟನೇ ಒಂದು ಸುತ್ತು. ಲೋಡ್ ಇಲ್ಲದಾಗ ಸ್ವಲ್ಪ ಒಡಕು ದನಿ ‘ಬರ್ರ್ ಬರ್ರ್’ ಬರಬೇಕು. ಹುಲ್ಲಿಗೆ ಹಿಡಿದ ಕೂಡಲೇ ಆ ಒಡಕು ಹೋಗಿ ಸ್ವಚ್ಛ ದನಿಯಾಗಬೇಕು. ಅದು ಸರಿಯಾದ ಜಾಗ. ಹುಲ್ಲಿನಲ್ಲೂ ಒಡಕು ಹೋಗದಿದ್ದರೆ ರಿಚ್ ಹೆಚ್ಚಾಯ್ತು. ಅನುಮಾನ ಬಂದರೆ ರಿಚ್ ಕಡೆಗೇ ನಿಲ್ಲಿಸಿ. ರಿಚ್ ಆದರೆ ಪ್ಲಗ್ ಒರೆಸಿದರೆ ಆಯ್ತು, ಲೀನ್ ಆದರೆ ಸಿಲಿಂಡರ್ ಕೊಳ್ಳಬೇಕು. ಟ್ಯಾಕೋಮೀಟರ್ ಇರುವ ಮೆಕ್ಯಾನಿಕ್ ಹತ್ತಿರ ಒಮ್ಮೆ ಗರಿಷ್ಠ ವೇಗ ನೋಡಿಸಿ, ಪುಸ್ತಕದ ಮಿತಿಯೊಳಗೆ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಆ ಕೆಲಸಕ್ಕೆ ಕೊಡುವ ಕೂಲಿ ದಂಡವಲ್ಲ.

ಹಂಗಾಮು ಮುಗಿದ ದಿನವೇ ಮುಂದಿನ ಹಂಗಾಮಿನ ಟ್ಯೂನಿಂಗ್

ಕೊನೆಯ ಸುತ್ತು ಮುಗಿಸಿ ಮೆಷಿನ್ ಒಳಗಿಡುವ ಮೊದಲು ಹದಿನೈದು ನಿಮಿಷ ಇದಕ್ಕೆ ಕೊಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪ್ರೈಮರ್ ಒತ್ತಿ ಪೈಪಿನಲ್ಲಿ ಉಳಿದದ್ದನ್ನೂ ಟ್ಯಾಂಕಿಗೆ ತಂದು ಸುರಿದುಬಿಡಿ. ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲೇ ತಾನಾಗಿ ನಿಲ್ಲುವವರೆಗೆ ಓಡಿಸಿ. ಪಂಪ್‌ಸೆಟ್ ಆದರೆ ಕಾಕ್ ಬಂದ್ ಮಾಡಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಸೀಮೆಎಣ್ಣೆಯಲ್ಲಿ ಓಡುವ ಹಳೇ ಪಂಪ್‌ಸೆಟ್ ಇದ್ದವರು ನಿಲ್ಲಿಸುವ ಮೊದಲು ಕೆಲ ನಿಮಿಷ ಪೆಟ್ರೋಲಿನಲ್ಲೇ ಓಡಿಸಿ. ಇಲ್ಲದಿದ್ದರೆ ಮಾರನೇ ದಿನ ಬಟ್ಟಲಿನಲ್ಲಿರುವ ಸೀಮೆಎಣ್ಣೆಯಲ್ಲಿ ಸ್ಟಾರ್ಟ್ ಆಗದು.

ಬೆರೆಸಿದ ಪೆಟ್ರೋಲ್ ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಎರಡು ದಿನದ ಕೆಲಸಕ್ಕೆ ಬೇಕಾದಷ್ಟೇ ಬೆರೆಸಿ. ಕ್ಯಾನಿನ ಮುಚ್ಚಳ ಭದ್ರವಾಗಿರಲಿ, ಮಳೆಯಲ್ಲಿ ಹೊರಗಿಡಬೇಡಿ. ತೋಟದಲ್ಲಿ ಪೆಟ್ರೋಲ್ ತುಂಬುವಾಗ ಬಿಸಿ ಇಂಜಿನ್ ಹತ್ತು ನಿಮಿಷ ಆರಲಿ.

ಕ್ಯಾನಿನ ಮೇಲೆ ಅಳಿಸದ ಮಾರ್ಕರ್ ಪೆನ್ನಿನಲ್ಲಿ ಮೂರು ಸಾಲು ಬರೆದಿಡಿ: ಆಯಿಲ್ ಅಳತೆ, ಬೆರೆಸಿದ ತಾರೀಕು, ಎಲ್ ಮತ್ತು ಎಚ್ ಸ್ಕ್ರೂಗಳ ಸುತ್ತು. ಮೆಷಿನ್ ಹಿಡಿಯುವವರು ಮನೆಯವರೇ ಇರಲಿ, ದಿನಗೂಲಿಗೆ ಬಂದ ಹುಡುಗನೇ ಇರಲಿ, ಅವರ ಕಣ್ಣಿಗೆ ಅದು ಬೀಳಬೇಕು. ಈ ವಾರ ಮಳೆ ಬಿಡುವು ಕೊಟ್ಟ ದಿನ ಮೊದಲ ಕೆಲಸವಾಗಿ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ನೋಡಿ.